ಬ್ರೌಸರ್ ಮೀಟಿಂಗಿನಲ್ಲಿ ಸ್ಕ್ರೀನ್ ಶೇರ್ ಮಾಡಿದರೆ ಬರೀ ಕಪ್ಪು (ಡೆಬಿಯನ್ 12)

ಹೊಸಬಳ್ಳಿ:
ನನ್ನ ಕೆಲಸ ಪೂರ್ತಿ ಬ್ರೌಸರಿನಲ್ಲೇ. ಮೇಲ್, ಶೀಟು, ಟಿಕೆಟ್ಟು, ಮೀಟಿಂಗು ಎಲ್ಲಾ. ಅದಕ್ಕೇ ವಿಂಡೋಸ್ ತೆಗೆದು ಡೆಬಿಯನ್ ಲಿನಕ್ಸ್ ಹಾಕಿದೆ. ಈಗ ಸ್ಕ್ರೀನ್ ಶೇರ್ ಒತ್ತಿದರೆ ಎದುರಿನವರಿಗೆ ಬರೀ ಕಪ್ಪು ಪರದೆ. ದನಿ ಹೋಗುತ್ತದೆ, ಕ್ಯಾಮೆರಾ ಹೋಗುತ್ತದೆ, ಸ್ಕ್ರೀನ್ ಮಾತ್ರ ಇಲ್ಲ. ಕ್ರೋಮಿಯಂ, ಫೈರ್‌ಫಾಕ್ಸ್ ಎರಡರಲ್ಲೂ ಇದೇ ಗೋಳು. ಅಪ್‌ಡೇಟ್ ಆಯಿತು, ರೀಸ್ಟಾರ್ಟ್ ಆಯಿತು, ಬ್ರೌಸರ್ ಕಿತ್ತು ಮತ್ತೆ ಹಾಕಿದ್ದೂ ಆಯಿತು. ನಾಳೆ ಬೆಳಿಗ್ಗೆ ಡೆಮೊ ಇದೆ. ವಾಪಸ್ ವಿಂಡೋಸಿಗೆ ಹೋಗಿ ಅಂತ ಮಾತ್ರ ಹೇಳಬೇಡಿ.

ಬಿಸಿಚಿಪ್ಪು:
ಕಪ್ಪು ಪರದೆ ಅಂದರೆ ಗ್ರಾಫಿಕ್ಸ್ ಡ್ರೈವರ್. ಬ್ರೌಸರ್ ಸೆಟ್ಟಿಂಗ್ಸಿನಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ (ಚಿತ್ರ, ವೀಡಿಯೊ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಬಿಡೋದು) ಆಫ್ ಮಾಡಿ.

ಹೊಸಬಳ್ಳಿ:
ಮಾಡಿದೆ. ಅದೇ ಕಪ್ಪು. ಈಗ ವೀಡಿಯೊ ಹಾಕಿದರೆ ಫ್ಯಾನು ಬೇರೆ ಕಿರುಚುತ್ತಿದೆ.

ಬಿಸಿಚಿಪ್ಪು:
ಹಾಗಾದರೆ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ಸಾಫ್ಟ್‌ವೇರ್) ನೋಡಿ. 12ರ ಇನ್‌ಸ್ಟಾಲರಿನಲ್ಲೇ ಬರುತ್ತದೆ ನಿಜ, ಆದರೂ ಒಮ್ಮೆ ನೋಡಿ. ಇಲ್ಲದಿದ್ದರೆ ಬ್ಯಾಕ್‌ಪೋರ್ಟ್ಸ್‌ನಿಂದ (ಡೆಬಿಯನ್ನಿನ ಹೊಸ ಆವೃತ್ತಿಗಳ ಭಂಡಾರ) ಹೊಸ ಕರ್ನಲ್, ಅಂದರೆ ಸಿಸ್ಟಂನ ತಿರುಳು, ಹಾಕಿ.

ನಡುಸಾಲು:
ಕರ್ನಲ್ ಯಾಕೆ? ಅವರ ಪರದೆಯಲ್ಲಿ ಎಲ್ಲಾ ಸರಿಯಾಗಿ ಕಾಣುತ್ತಿದೆ, ಶೇರ್ ಮಾಡಿದಾಗ ಮಾತ್ರ ಕಪ್ಪು. ಹೊಸಬಳ್ಳಿ, ಕ್ರೋಮಿಯಂನಲ್ಲಿ ಪೂರ್ತಿ ಸ್ಕ್ರೀನ್ ಬಿಟ್ಟು ಒಂದು ಟ್ಯಾಬ್ ಮಾತ್ರ ಶೇರ್ ಮಾಡಿ. ಅದು ಹೋಗುತ್ತದಾ?

ಹೊಸಬಳ್ಳಿ:
ಟ್ಯಾಬ್ ಹೋಗುತ್ತದೆ! ಆದರೆ ಡೆಮೊಗೆ ಟರ್ಮಿನಲ್ಲೂ (ಕಮಾಂಡ್ ಹೊಡೆಯುವ ವಿಂಡೋ) ತೋರಿಸಬೇಕು.

ನಡುಸಾಲು:
ಅಲ್ಲೇ ಸುಳಿವು ಸಿಕ್ಕಿತು. ಟ್ಯಾಬ್ ಅಂದರೆ ಬ್ರೌಸರ್ ತಾನೇ ಬಿಡಿಸಿದ್ದು, ಅದನ್ನು ಕಳಿಸೋಕೆ ಯಾರನ್ನೂ ಕೇಳಬೇಕಾಗಿಲ್ಲ. ಪೂರ್ತಿ ಸ್ಕ್ರೀನ್ ಹಾಗಲ್ಲ. ವೇಲ್ಯಾಂಡ್‌ನಲ್ಲಿ (ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆ) ಒಂದು ಪ್ರೋಗ್ರಾಂ ಇನ್ನೊಂದರ ವಿಂಡೋ ನೋಡೋಕಾಗಲ್ಲ. ಬ್ರೌಸರ್ ಡೆಸ್ಕ್‌ಟಾಪ್ ಪೋರ್ಟಲ್ ಅನ್ನೋ ಮಧ್ಯವರ್ತಿ ಪ್ರೋಗ್ರಾಂಗೆ ಅರ್ಜಿ ಹಾಕಬೇಕು, ಪೋರ್ಟಲ್ ನಿಮ್ಮ ಒಪ್ಪಿಗೆ ಕೇಳುತ್ತದೆ, ಆಮೇಲೆ ಚಿತ್ರ ಪೈಪ್‌ವೈರ್ (ದನಿ, ವೀಡಿಯೊ ಸಾಗಿಸುವ ಸೇವೆ) ಮೂಲಕ ಬರುತ್ತದೆ. ಈ ದಾರಿಯಲ್ಲಿ ಎಲ್ಲೋ ಕಡಿದಿದೆ.

ಹಳೇಕೀಲಿ:
ಇಷ್ಟೆಲ್ಲಾ ತಾಪತ್ರಯ ಯಾಕೆ, ವೇಲ್ಯಾಂಡ್ ಬಿಟ್ಟು ಹಳೇ ವ್ಯವಸ್ಥೆ ಎಕ್ಸ್11ಗೆ ಹೋಗಿ. ಲಾಗಿನ್ ಪರದೆಯ ಮೂಲೆಯಲ್ಲಿ ಗೇರ್ ಚಿಹ್ನೆ ಇರುತ್ತದೆ, ಅಲ್ಲಿ 'ಗ್ನೋಮ್ ಆನ್ ಕ್ಸಾರ್ಗ್' (ಎಕ್ಸ್11 ಮೇಲೆ ಓಡುವ ಗ್ನೋಮ್ ಡೆಸ್ಕ್‌ಟಾಪ್) ಆರಿಸಿ. ನಾನು ಐ3 (ಎಕ್ಸ್11ನಲ್ಲಿ ವಿಂಡೋ ಜೋಡಿಸುವ ಪ್ರೋಗ್ರಾಂ) ಬಿಟ್ಟು ಕದಲಿಲ್ಲ. ಮೂರು ಮಾನಿಟರ್, ಒಂದು ಉದ್ದಕ್ಕೆ ನಿಲ್ಲಿಸಿದ್ದು, ಹಳೇ ಥಿಂಕ್‌ಪ್ಯಾಡ್, ಶೇರ್ ಯಾವತ್ತೂ ಕೈಕೊಟ್ಟಿಲ್ಲ.

ನಡುಸಾಲು:
ಎಕ್ಸ್11ನಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮ ಪೂರ್ತಿ ಸ್ಕ್ರೀನ್ ಓದಬಹುದು, ನೀವು ಒತ್ತುವ ಪ್ರತಿ ಕೀಲಿಯನ್ನೂ ನೋಡಬಹುದು, ಕೇಳುವವರೇ ಇಲ್ಲ. ಆಫೀಸಿನ ಪಾಸ್‌ವರ್ಡ್ ಹೊಡೆಯುವ ಮೆಷಿನ್‌ಗೆ ಅದನ್ನು ಹೇಳಬೇಡಿ.

ಹಳೇಕೀಲಿ:
ಅಷ್ಟು ಕೆಟ್ಟ ಪ್ರೋಗ್ರಾಂ ಒಳಗೆ ಬಂದಿದ್ದರೆ ನಿಮ್ಮ ಫೈಲುಗಳನ್ನೂ ಓದುತ್ತದೆ. ಸುಮ್ನೆ ಹೆದರಿಸಬೇಡಿ. ಅವರಿಗೆ ನಾಳೆ ಡೆಮೊ ಇದೆ.

ಬಿಸಿಚಿಪ್ಪು:
ಕರ್ನಲ್ ಹಾಕಿದಿರಾ?

ಹೊಸಬಳ್ಳಿ:
ಇಲ್ಲ. ಗ್ನೋಮ್ ಆನ್ ಕ್ಸಾರ್ಗ್ ಪ್ರಯತ್ನಿಸಿದೆ, ಶೇರ್ ಆಯಿತು. ಆದರೆ ಅಲ್ಲಿ ನನ್ನ ಶಾರ್ಟ್‌ಕಟ್ ಒಂದೂ ಕೆಲಸ ಮಾಡಲ್ಲ. ನಾನು ಸ್ವೇ (ಐ3 ಥರದ್ದೇ, ವೇಲ್ಯಾಂಡ್‌ಗೆ) ಬಳಸೋದಲ್ವಾ, ಗೆಳೆಯನ ಕಾನ್ಫಿಗ್ (ಸೆಟ್ಟಿಂಗ್ಸ್ ಫೈಲು) ಹಾಕಿಕೊಂಡು.

ನಡುಸಾಲು:
ಸ್ವೇ! ಇದನ್ನು ಮೊದಲೇ ಹೇಳಿದ್ದರೆ ಅರ್ಧ ಚರ್ಚೆ ಉಳಿಯುತ್ತಿತ್ತು. ಗ್ನೋಮ್‌ನ ಪೋರ್ಟಲ್ ಸ್ವೇಗೆ ಆಗಿಬರಲ್ಲ. ಎಕ್ಸ್‌ಡಿಜಿ-ಡೆಸ್ಕ್‌ಟಾಪ್-ಪೋರ್ಟಲ್-ಡಬ್ಲ್ಯುಎಲ್‌ಆರ್ ಅನ್ನೋ ಪ್ಯಾಕೇಜ್ ಹಾಕಿ, ಜೊತೆಗೆ ಪರದೆ ಆರಿಸೋಕೆ ಸ್ಲರ್ಪ್ ಕೂಡ. ಲಾಗ್‌ಔಟ್ ಆಗಿ ಮತ್ತೆ ಬನ್ನಿ.

ಹೊಸಬಳ್ಳಿ:
ಎರಡೂ ಹಾಕಿದೆ. ಇನ್ನೂ ಕಪ್ಪು.

ಸಾಲುಗಳ್ಳ:
ಗೆಳೆಯನ ಕಾನ್ಫಿಗ್‌ನ ಕೊನೆಯ ಸಾಲು ಏನಿದೆ? ಸ್ವೇ ಜೊತೆ ಬರುವ ಮೂಲ ಕಾನ್ಫಿಗ್‌ನ ತುದಿಯಲ್ಲಿ 'ಇನ್‌ಕ್ಲೂಡ್' ಅಂತ ಒಂದು ಸಾಲು ಇರುತ್ತದೆ, ಈಟಿಸಿ (ಸಿಸ್ಟಂ ಸೆಟ್ಟಿಂಗ್ಸ್ ಫೋಲ್ಡರ್) ಒಳಗಿನ ಸ್ವೇ ಫೋಲ್ಡರಿನ ಕಾನ್ಫಿಗ್-ಡಾಟ್-ಡಿಯಲ್ಲಿರುವ ಎಲ್ಲಾ ಫೈಲುಗಳನ್ನು ಅದು ಎಳೆದುಕೊಳ್ಳುತ್ತದೆ. ಬೇರೆಯವರ ಕಾನ್ಫಿಗ್‌ನಲ್ಲಿ ಜಾಸ್ತಿ ಬಿಟ್ಟುಹೋಗೋದು ಇದೇ. ಸ್ಕ್ರೀನ್ ಯಾವುದು, ಓಡುತ್ತಿರೋದು ಯಾವ ಡೆಸ್ಕ್‌ಟಾಪ್ ಅನ್ನೋದು ಡಿ-ಬಸ್‌ಗೂ (ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸೋದು) ಸಿಸ್ಟಂಡಿಗೂ (ಸೇವೆಗಳನ್ನು ಶುರುಮಾಡೋದು) ಗೊತ್ತಾಗಬೇಕು, ಆ ಫೈಲುಗಳು ತಿಳಿಸೋದು ಇದನ್ನೇ. ಗೊತ್ತಾಗದಿದ್ದರೆ ಪೋರ್ಟಲ್ ಇದ್ದೂ ಇಲ್ಲದ ಹಾಗೆ. ಆ ಸಾಲು ಸೇರಿಸಿ, ಪೂರ್ತಿ ಲಾಗ್‌ಔಟ್ ಆಗಿ. ಬರೀ ರೀಲೋಡ್ ನಂಬಬೇಡಿ.

ಹೊಸಬಳ್ಳಿ:
ಬಂತು!! ಆ ಸಾಲು ನಿಜವಾಗಲೂ ಇರಲಿಲ್ಲ. ಈಗ ಶೇರ್ ಒತ್ತಿದರೆ ಕರ್ಸರ್ ಪ್ಲಸ್ ಆಗುತ್ತದೆ, ಯಾವ ಮಾನಿಟರ್ ಮೇಲೆ ಕ್ಲಿಕ್ ಮಾಡುತ್ತೇನೋ ಅದು ಹೋಗುತ್ತದೆ. ತುಂಬಾ ಥ್ಯಾಂಕ್ಸ್. ಆದರೆ ಒಂದೇ ವಿಂಡೋ ಆರಿಸೋದು ಹೇಗೆ? ಪೂರ್ತಿ ಮಾನಿಟರ್ ಮಾತ್ರ ಬರುತ್ತಿದೆ.

ಸಾಲುಗಳ್ಳ:
ಡೆಬಿಯನ್ 12ರಲ್ಲಿರುವ ಆವೃತ್ತಿಯಲ್ಲಿ ಅದು ಆಗಲ್ಲ, ಪೂರ್ತಿ ಮಾನಿಟರ್ ಮಾತ್ರ. ಡೆಮೊಗೆ ಬೇಕಾದ ಬ್ರೌಸರ್, ಟರ್ಮಿನಲ್ ಎರಡನ್ನೂ ಒಂದು ವರ್ಕ್‌ಸ್ಪೇಸ್‌ಗೆ (ವಿಂಡೋಗಳ ಒಂದು ಗುಂಪು) ಹಾಕಿ ಎರಡನೇ ಮಾನಿಟರಿಗೆ ಕಳಿಸಿ, ಅದನ್ನು ಶೇರ್ ಮಾಡಿ. ಮೇಲ್, ಚಾಟ್ ಮೊದಲನೆಯದರಲ್ಲೇ ಇರಲಿ. ನೋಟಿಫಿಕೇಶನ್ ಕೂಡ ಅಲ್ಲೇ ಬರೋ ಹಾಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಎಲ್ಲರೂ ಓದುತ್ತಾರೆ.

ಹಳೇಕೀಲಿ:
ಐ3ನಲ್ಲಿ ಒಂದೇ ವಿಂಡೋ ಆರಾಮಾಗಿ ಹೋಗುತ್ತದೆ. ಕಾನ್ಫಿಗ್ ಕೂಡ ಹೆಚ್ಚುಕಡಿಮೆ ಅದೇ. ಬೇಕಾದರೆ ನನ್ನದು ಹಾಕುತ್ತೇನೆ, ಮೂರು ಮಾನಿಟರಿನದು.

ಬಿಸಿಚಿಪ್ಪು:
ಆ ಫ್ಯಾನಿನ ವಿಷಯಕ್ಕೆ, ಹಾರ್ಡ್‌ವೇರ್ ಆಕ್ಸಲರೇಶನ್ ಮತ್ತೆ ಆನ್ ಮಾಡಿ.