1900ಕ್ಕಿಂತ ಹಿಂದೆ ಸಿಗುತ್ತಿಲ್ಲ: ಕಾನ್ಸಾಸ್‌ನ ರೈತ ಮುತ್ತಜ್ಜ

ಸಾಗರದವಳು:
ಎಲ್ಲರಿಗೂ ನಮಸ್ಕಾರ. ನನ್ನ ಗಂಡ ಅಮೆರಿಕದವರು, ನಾವಿರುವುದು ಕಾನ್ಸಾಸ್‌ನಲ್ಲಿ. ಅತ್ತೆಗೆ ಈಗ 81 ವರ್ಷ. ತಮ್ಮ ಮುತ್ತಜ್ಜ ಎಲ್ಲಿಂದ ಬಂದರು ಅಂತ ತಿಳಿಯಬೇಕು ಅಂತ ತುಂಬಾ ಆಸೆ ಅವರಿಗೆ. ಗೋಧಿ ಬೆಳೆಯುತ್ತಿದ್ದ ರೈತ, ಮನೆತನದ ಹೆಸರು ಮೈಯರ್ಸ್. 1900ರ ಜನಗಣತಿಯಲ್ಲಿ ಸಿಕ್ಕಿದರು: ಹುಟ್ಟಿದ್ದು ಮಾರ್ಚ್ 1859, ಓಹಾಯೋ. ಮದುವೆಯಾಗಿ 17 ವರ್ಷ. ಅದಕ್ಕಿಂತ ಹಿಂದೆ ಏನೂ ಇಲ್ಲ. 1890 ಸಿಗುವುದೇ ಇಲ್ಲ. 1880ರ ಓಹಾಯೋದಲ್ಲಿ ಅದೇ ಹೆಸರಿನವರು ರಾಶಿ ರಾಶಿ ಇದ್ದಾರೆ, ಒಬ್ಬರೂ ಹೊಂದುವುದಿಲ್ಲ. ಮೂರು ತಿಂಗಳಾಯಿತು.

ಹಳೇ ಕಡತ:
1890 ಬಿಟ್ಟುಬಿಡಿ ಮೇಡಂ. 1921ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಆ ಗಣತಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ನೀವು ಹುಡುಕಿದ್ದರಲ್ಲಿ ತಪ್ಪೇನಿಲ್ಲ.

ಒಂದು ಕೇಳ್ತೀನಿ. 1900ರ ಪುಟದಲ್ಲಿ ಮಕ್ಕಳು ಎಲ್ಲಿ ಹುಟ್ಟಿದ್ದಾರೆ? ನಾವೆಲ್ಲ ಯಜಮಾನನ ಸಾಲು ಮಾತ್ರ ನೋಡುತ್ತೇವೆ. ಸಂಸಾರ ಎಲ್ಲೆಲ್ಲಿ ಇತ್ತು ಅನ್ನೋದು ಮಕ್ಕಳ ಸಾಲಲ್ಲಿ ಇರುತ್ತದೆ.

ಸಾಗರದವಳು:
ಹಿರಿ ಮಗಳು 1884, ಅಯೋವಾ! ಉಳಿದ ನಾಲ್ವರೂ ಕಾನ್ಸಾಸ್, ಎರಡನೆಯವನು 1887. ಇದನ್ನು ಗಮನಿಸಿಯೇ ಇರಲಿಲ್ಲ.

ಹಳೇ ಕಡತ:
ಹಾಗಾದರೆ ಇಂಡೆಕ್ಸ್ ಮುಚ್ಚಿ, ಮೂಲ ಪುಟದ ಚಿತ್ರ ತೆಗೆಯಿರಿ. ಇಂಡೆಕ್ಸ್ ಅಂದರೆ ನೂರು ವರ್ಷದ ಹಿಂದಿನ ಕೈಬರಹವನ್ನು ಬೇರೆ ಯಾರೋ ಓದಿ ಟೈಪ್ ಮಾಡಿದ್ದು. ಇಂಗ್ಲಿಷಿನಲ್ಲಿ ಅಯೋವಾ, ಓಹಾಯೋ ಎರಡೂ ನಾಲ್ಕೇ ಅಕ್ಷರ. ಅವಸರದ ಕೈಬರಹದಲ್ಲಿ ಒಂದು ಇನ್ನೊಂದರ ಹಾಗೆ ಕಾಣುತ್ತದೆ. ಮಗಳ ಸಾಲಿನ ಅಯೋವಾ ಪಕ್ಕ ಅಪ್ಪನ ಸಾಲಿನ ಊರು ಇಟ್ಟು ನೋಡಿ. ಒಂದೇ ಕೈ ಬರೆದದ್ದು, ಹೋಲಿಸುವುದು ಸುಲಭ.

ಆಮೇಲೆ 1885. ಆ ವರ್ಷ ಅಯೋವಾ, ಕಾನ್ಸಾಸ್ ಎರಡೂ ರಾಜ್ಯಗಳು ತಮ್ಮದೇ ಗಣತಿ ಮಾಡಿದವು, ಇದು ನಿಜವಾಗಲೂ ನಿಮ್ಮ ಪುಣ್ಯ. ಕಾನ್ಸಾಸ್‌ನಲ್ಲಿ 'ಇಲ್ಲಿಗೆ ಎಲ್ಲಿಂದ ಬಂದಿರಿ' ಅಂತಲೇ ಒಂದು ಕಾಲಂ ಇದೆ. ಅಯೋವಾದಲ್ಲಿ ಅದೇ ರಾಜ್ಯದಲ್ಲಿ ಹುಟ್ಟಿದವರಿಗೆ ಹುಟ್ಟಿದ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಹೆಸರನ್ನೂ ಬರೆದಿದ್ದಾರೆ. ಹುಡುಕುವಾಗ ಮನೆತನದ ಹೆಸರನ್ನು ಪೂರ್ತಿ ಹಾಕಬೇಡಿ. ಮೊದಲ ಅಕ್ಷರ, ಉಳಿದ ಅಕ್ಷರಗಳ ಬದಲು ನಕ್ಷತ್ರ ಚಿಹ್ನೆ (*), ಜೊತೆಗೆ ಹೆಂಡತಿ ಮತ್ತು ಮಗಳ ಮೊದಲ ಹೆಸರು ಸಾಕು.

ಬಯಲುಸೀಮೆ:
ಜಮೀನಿನ ದಾರಿಯೂ ಇದೆ ಅಕ್ಕ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಸರ್ಕಾರದ ಜಮೀನು 160 ಎಕರೆವರೆಗೆ ಕೊಡುತ್ತಿದ್ದರು, ಐದು ವರ್ಷ ಅಲ್ಲೇ ಇದ್ದು ಉಳಬೇಕಿತ್ತು. ಹಕ್ಕುಪತ್ರ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ ತಾಣದಲ್ಲಿ ಸುಮ್ನೆ ನೋಡಬಹುದು, ದುಡ್ಡಿಲ್ಲ. ಆದರೆ ಅಲ್ಲಿಗೇ ನಿಲ್ಲಬೇಡಿ. ಅದರಲ್ಲಿರುವ ನಂಬರ್ ಕೊಟ್ಟು ನ್ಯಾಷನಲ್ ಆರ್ಕೈವ್ಸ್‌ನಿಂದ (ಅಮೆರಿಕ ಸರ್ಕಾರದ ಹಳೇ ದಾಖಲೆಗಳ ಭಂಡಾರ) ಪೂರ್ತಿ ಫೈಲ್ ತರಿಸಿ. ಮನೆ ಯಾವಾಗ ಕಟ್ಟಿದರು, ಎಷ್ಟು ಎಕರೆ ಉತ್ತರು, ಮನೆಯಲ್ಲಿ ಯಾರಿದ್ದರು ಅಂತ ಅವರೇ ಹೇಳಿಕೆ ಕೊಟ್ಟಿರುತ್ತಾರೆ. ಸಾಕ್ಷಿ ಹಾಕುತ್ತಿದ್ದವರು ಅಕ್ಕಪಕ್ಕದವರು. ಎಷ್ಟೋ ಸಲ ಅವರು ಹಳೇ ಊರಿನಿಂದ ಜೊತೆಗೇ ಬಂದವರು, ಇಲ್ಲವೇ ಹೆಂಡತಿಯ ಅಣ್ಣತಮ್ಮಂದಿರು. ಆ ಹೆಸರುಗಳನ್ನೂ ಅಯೋವಾದಲ್ಲಿ ಹುಡುಕಿ.

ಸಾಗರದವಳು:
ಸಿಕ್ಕಿತು! 1900ರ ಪುಟದಲ್ಲಿ ಅಪ್ಪನ ಸಾಲಿನಲ್ಲೂ ಅಯೋವಾ ಅಂತಲೇ ಇದೆ, ಮಗಳ ಸಾಲಿನ ಅಚ್ಚು. 1885ರ ಅಯೋವಾ ಗಣತಿಯಲ್ಲಿ ಗಂಡ, ಹೆಂಡತಿ, ಒಂದು ವರ್ಷದ ಮಗು. ಹೆಸರು ಅಲ್ಲಿ ಮೈಯರ್, ಕೊನೆಯ 'ಸ್' ಇಲ್ಲ, ಕಾಗುಣಿತವೂ ಬೇರೆ. ಹುಟ್ಟಿದ ಕೌಂಟಿ ಇತ್ತು. ಅದನ್ನು ಹಿಡಿದು 1880ಕ್ಕೆ ಹೋದರೆ 21 ವರ್ಷದ ಮಗನಾಗಿ ಅಪ್ಪ ಅಮ್ಮನ ಮನೆಯಲ್ಲೇ ಇದ್ದಾರೆ. ಆ ಅಪ್ಪ ಹುಟ್ಟಿದ್ದು ಜರ್ಮನಿಯ ಹ್ಯಾನೋವರ್. ಅತ್ತೆಗೆ ಓದಿ ಹೇಳಿದೆ. ಅತ್ತೆಯ ತಮ್ಮನಿಗೂ ಆ ಅಪ್ಪನ ಹೆಸರನ್ನೇ ಇಟ್ಟಿದ್ದರಂತೆ, ಯಾಕೆ ಅಂತ ಇವತ್ತಿನವರೆಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು ಅವರಿಗೆ.

ಅದೇ ಕುಟುಂಬ ಅಂತ ಗಟ್ಟಿ ಹೇಳಬಹುದಾ?

ಹಳೇ ಕಡತ:
ಬಹಳ ಸಂತೋಷ ಮೇಡಂ. ಇನ್ನೊಂದು ಪುರಾವೆ ಇರಲಿ. 1883ರ ಸುಮಾರಿನ ಮದುವೆ ದಾಖಲೆಯನ್ನು ಅದೇ ಕೌಂಟಿಯಲ್ಲಿ ಹುಡುಕಿ, ಅಪ್ಪ ಅಮ್ಮನ ಹೆಸರು ಬರೆದಿದ್ದರೆ 1880ರ ಮನೆಯ ಜೊತೆ ತಾಳೆ ನೋಡಿ. ಆಮೇಲೆ 1860ರ ಗಣತಿ, ಆಗ ಇವರು ಒಂದು ವರ್ಷದ ಕೂಸು. 1856ರಲ್ಲೂ ಅಯೋವಾ ಗಣತಿ ಮಾಡಿತ್ತು. ರಾಜ್ಯಕ್ಕೆ ಬಂದು ಎಷ್ಟು ವರ್ಷವಾಯಿತು ಅಂತ ಅದರಲ್ಲಿ ಬರೆದಿದ್ದಾರೆ. ಹ್ಯಾನೋವರ್‌ನಿಂದ ಬಂದ ಅಪ್ಪ ಅಲ್ಲಿ ಸಿಕ್ಕಿದರೆ ಹಡಗಿನ ಪ್ರಯಾಣಿಕರ ಪಟ್ಟಿ ಯಾವ ವರ್ಷದಿಂದ ನೋಡಬೇಕು ಅಂತ ತಿಳಿಯುತ್ತದೆ.