ಶ್ವಾಸಕೋಶ ಕಸಿ ಆದಮೇಲಿನ ಆಸ್ಪತ್ರೆ ವಾಸ: ಬ್ಯಾಗಿನಲ್ಲಿ ಏನಿರಬೇಕು?

ಪಟ್ಟಿಯಲ್ಲಿದ್ದೇವೆ

ಅಪ್ಪನಿಗೆ 61 ವರ್ಷ. ಪಲ್ಮನರಿ ಫೈಬ್ರೋಸಿಸ್, ಅಂದರೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಆಕ್ಸಿಜನ್ ಇಲ್ಲದೆ ಬಚ್ಚಲಿನವರೆಗೂ ಹೋಗಲು ಆಗುವುದಿಲ್ಲ. ಹೋದ ವಾರ ಕಸಿಗೆ ಕಾಯುವವರ ಪಟ್ಟಿಗೆ ಹೆಸರು ಸೇರಿತು. ಎರಡೂ ಶ್ವಾಸಕೋಶ ಬದಲಿಸುತ್ತಾರಂತೆ. ಫೋನ್ ಇವತ್ತು ರಾತ್ರಿಯೇ ಬರಬಹುದು, ವರ್ಷವೂ ಹಿಡಿಯಬಹುದು, ಬ್ಯಾಗ್ ಮಾತ್ರ ರೆಡಿ ಇರಲಿ ಎಂದು ಕೋಆರ್ಡಿನೇಟರ್ ಹೇಳಿದರು.

ನಾನು ದೊಡ್ಡ ಸೂಟ್‌ಕೇಸ್ ತುಂಬಿಟ್ಟೆ. ಆರು ಅಂಗಿ, ನಾಲ್ಕು ಪೈಜಾಮ, ಮೂರು ಟವೆಲ್, ಪುಸ್ತಕಗಳು, ರೇಡಿಯೋ, ಶೇವಿಂಗ್ ಸೆಟ್. ಅಪ್ಪ ನೋಡಿ "ಯಾವ ಊರಿಗೆ ಹೊರಟಿದ್ದೀವಿ?" ಎಂದರು. ಆಮೇಲೆ ನನಗೇ ಅನುಮಾನ ಬಂತು. ಇದೆಲ್ಲ ನಿಜವಾಗಿ ಬೇಕಾಗುತ್ತದಾ? ಆ ದಿನಗಳು ಹೇಗಿರುತ್ತವೆ ಅಂತ ಕಂಡವರು ಹೇಳಿದರೆ, ಏನಿಡಬೇಕು ಅನ್ನೋದು ನನಗೇ ಹೊಳೆಯುತ್ತದೆ.

ಎರಡನೇ ಇನ್ನಿಂಗ್ಸ್

ಮೊದಲು ಸೂಟ್‌ಕೇಸ್ ಬಿಚ್ಚಿ. ನಾನೂ ಹಾಗೇ ತುಂಬಿದ್ದೆ. ಅದು ಹೋದ ಹಾಗೇ ವಾಪಸ್ ಬಂತು, ಮಡಿಕೆ ಕೂಡ ಮುರಿದಿರಲಿಲ್ಲ.

ನನಗೆ ಎರಡೂ ಶ್ವಾಸಕೋಶ ಬದಲಾಗಿ ನಾಲ್ಕು ವರ್ಷವಾಯಿತು. ಆಸ್ಪತ್ರೆಯಲ್ಲಿದ್ದದ್ದು 23 ದಿನ, ಅದರಲ್ಲಿ ಮೊದಲ ಎಂಟು ದಿನ ಐಸಿಯು. ಐಸಿಯುನಲ್ಲಿ ರೋಗಿಗೆ ಅಂಗಿಯ ಕೆಲಸವೇ ಇಲ್ಲ. ಎದೆಗೆ ನಾಲ್ಕು ಟ್ಯೂಬು, ಕತ್ತಿಗೆ ಲೈನು, ಬಾಯಲ್ಲಿ ವೆಂಟಿಲೇಟರ್ ಪೈಪು. ಇದರ ನಡುವೆ ಅಂಗಿ ಎಲ್ಲಿ ಹಾಕುತ್ತೀರಿ? ಹಾಗಾಗಿ ಎರಡು ಬ್ಯಾಗ್ ಮಾಡಿ. ಒಂದು ಚಿಕ್ಕದು, ಫೋನ್ ಬಂದ ಕೂಡಲೇ ಹಿಡಿದು ಓಡಲು. ಅದರಲ್ಲಿ ಫೈಲು, ಈಗಿನ ಮಾತ್ರೆಗಳ ಪಟ್ಟಿ, ಕನ್ನಡಕ, ಕಟ್ಟುಹಲ್ಲು ಇದ್ದರೆ ಅದರ ಡಬ್ಬಿ. ಇನ್ನೊಂದು ಮನೆಯಲ್ಲೇ ಇರಲಿ, ವಾರ್ಡಿಗೆ ಬಂದ ಮೇಲೆ ಯಾರಾದರೂ ತರಲಿ. ಅದರಲ್ಲಿ ಮುಂದೆ ಗುಂಡಿ ಇರುವ ಸಡಿಲ ಅಂಗಿ ಎರಡು. ತಲೆ ಮೇಲಿಂದ ಹಾಕುವುದು ಬೇಡ, ಕೈ ಮೇಲೇಳುವುದಿಲ್ಲ. ಚಪ್ಪಲಿ ಒಂದು ಸೈಜು ದೊಡ್ಡದಿರಲಿ. ನನ್ನ ಪಾದ ಊದಿಕೊಂಡು ನನ್ನದೇ ಚಪ್ಪಲಿ ಒಳಗೆ ಹೋಗಲಿಲ್ಲ.

ಕನ್ನಡಕದ ಡಬ್ಬಿ ಮೇಲೆ ಹೆಸರು ಬರೆಯಿರಿ. ನನ್ನದು ಆಪರೇಷನ್ ಥಿಯೇಟರಿಗೂ ಐಸಿಯುಗೂ ನಡುವೆ ಎಲ್ಲೋ ಕಳೆದುಹೋಯಿತು. ಎಂಟು ದಿನ ನರ್ಸ್‌ಗಳೆಲ್ಲ ನನಗೆ ಬರೀ ನೀಲಿ ಮೋಡ.

ಇನ್ನು ಆಕ್ಸಿಜನ್. ಹೋಗುವ ದಾರಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿದ್ದೀರೋ ಅದರ ಎರಡರಷ್ಟು ಇಟ್ಟುಕೊಳ್ಳಿ. ಫೋನ್ ಬಂತು ಅಂದರೆ ಆಪರೇಷನ್ ಆಗಿಯೇ ಆಗುತ್ತದೆ ಅಂತಲೂ ಅಲ್ಲ. ದಾನಿಯ ಶ್ವಾಸಕೋಶವನ್ನು ಕೊನೆಯ ಗಳಿಗೆವರೆಗೂ ಪರೀಕ್ಷೆ ಮಾಡುತ್ತಲೇ ಇರುತ್ತಾರೆ, ಸರಿ ಕಾಣದಿದ್ದರೆ ವಾಪಸ್ ಕಳಿಸುತ್ತಾರೆ. ನಾನು ಎರಡು ಸಲ ವಾಪಸ್ ಬಂದವನು. ಎರಡನೇ ಸಲ ಎದೆ ಬೋಳಿಸಿ, ಔಷಧಿ ಸೋಪಿನಲ್ಲಿ ಸ್ನಾನವೂ ಆಗಿತ್ತು.

ಇಷ್ಟೆಲ್ಲ ಸಾಮಾನಿನ ಮಾತು. ನನ್ನನ್ನು ಕೇಳಿದರೆ ಇದು ಚಿಲ್ಲರೆ ವಿಷಯ. ನಿಜವಾದ ತಯಾರಿ ಮಾತಿನದು. ಬಾಯಲ್ಲಿ ಪೈಪ್ ಇರುವಷ್ಟು ದಿನ ದನಿ ಬರುವುದಿಲ್ಲ. ಎಚ್ಚರ ಇರುತ್ತದೆ, ಹೇಳಬೇಕಾದದ್ದು ಬೆಟ್ಟದಷ್ಟಿರುತ್ತದೆ, ಹೇಳಲು ಆಗುವುದಿಲ್ಲ. ನನ್ನ ಹೆಂಡತಿ ಮುಂಚೆಯೇ ಯೋಚಿಸಿ ರಟ್ಟಿನ ಮೇಲೆ ವರ್ಣಮಾಲೆ ಬರೆದು ತಂದಿದ್ದಳು. ಬೆನ್ನು ಸುಡುತ್ತಿತ್ತು ನನಗೆ, ಪಕ್ಕಕ್ಕೆ ಹೊರಳಿಸಿ ಅನ್ನಬೇಕಿತ್ತು. "ಬೆನ್ನು" ಅಂತ ಬೆರಳಿಟ್ಟು ತೋರಿಸಿ ನೋಡಿ. ಮೊದಲು ಬ, ಆಮೇಲೆ ಎತ್ವ. ಅಷ್ಟಕ್ಕೇ ಅವಳು "ಬೆಳಕಾ? ಲೈಟ್ ಆರಿಸಲಾ?" ಅಂದಳು. ತಲೆ ಅಲ್ಲಾಡಿಸಿದೆ. "ಬೆಂಕಿಯಾ? ಎಲ್ಲಿ?" ಅಂತ ಹಿಂದೆ ತಿರುಗಿ ನೋಡಿದಳು. ನ-ಗೆ ಒತ್ತು ಕೊಡುವುದು ಹೇಗೆ ಅಂತ ಯೋಚಿಸುತ್ತಲೇ ನಾನು ನಿದ್ದೆ ಹೋದೆ.

ಮರುದಿನ ರಟ್ಟಿನ ಹಿಂಬದಿಗೆ ದಪ್ಪ ಅಕ್ಷರದಲ್ಲಿ ಹತ್ತೇ ಮಾತು ಬರೆದಳು. ನೋವು. ಉಸಿರು ಸಾಲದು. ಬೆನ್ನು. ಸೆಕೆ. ಚಳಿ. ಬಾಯಿ ಒಣಗಿದೆ. ಕಫ ತೆಗೆಯಿರಿ. ಕೂರಿಸಿ. ಗಂಟೆ ಎಷ್ಟು. ಹತ್ತನೆಯದು "ಹೋಗಬೇಡ". ಅದನ್ನು ನಾನು ಎಷ್ಟು ಸಲ ಮುಟ್ಟಿದೆನೋ, ಆ ಜಾಗದಲ್ಲಿ ಮಸಿ ಅಳಿಸಿಹೋಗಿತ್ತು.

ಪೆನ್ನು ಹಾಳೆ ನಂಬಬೇಡಿ. ಹೊಸ ಶ್ವಾಸಕೋಶವನ್ನು ದೇಹ ತಿರಸ್ಕರಿಸದಿರಲಿ ಅಂತ ಕೊಡುವ ಟ್ಯಾಕ್ರೋಲಿಮಸ್ ಔಷಧಿ ಶುರುವಾದ ಮೇಲೆ ನನ್ನ ಕೈ ನಡುಗುತ್ತಿತ್ತು, ಸಹಿಯೇ ಗುರುತು ಸಿಗುತ್ತಿರಲಿಲ್ಲ. ಮನೆಯಲ್ಲೇ ಈಗಲೇ ಅಪ್ಪನ ಜೊತೆ ಕೂತು ಅವರ ಹತ್ತು ಮಾತು ಯಾವುದು ಕೇಳಿ. ಅವರದು ಬೇರೆಯೇ ಇರಬಹುದು.

ಇನ್ನೊಂದು ಮಾತು, ಯಾರೂ ಹೇಳುವುದಿಲ್ಲ. ಐಸಿಯುನಲ್ಲಿ ತಲೆ ಕೆಡುತ್ತದೆ. ಎಲ್ಲರಿಗೂ ಅಲ್ಲ, ಆದರೆ ಸುಮಾರು ಜನಕ್ಕೆ. ನಿದ್ದೆ ಇಲ್ಲ, ನೋವಿನ ಔಷಧಿ, ಸ್ಟೀರಾಯ್ಡ್, ಹಗಲು ರಾತ್ರಿ ಒಂದೇ ಬೆಳಕು. ರಾತ್ರಿಯಾದರೆ ನನ್ನ ಮಂಚವನ್ನು ಹಡಗಿಗೆ ಸಾಗಿಸುತ್ತಾರೆ ಅಂತ ನಾನು ನಂಬಿದ್ದೆ. ಹೆಂಡತಿಯೂ ಅವರ ಜೊತೆ ಸೇರಿದ್ದಾಳೆ ಅಂತ ಅವಳ ಮುಖವನ್ನೇ ನೋಡುತ್ತಿರಲಿಲ್ಲ. ನಾಲ್ಕು ದಿನಕ್ಕೆ ಬಿಟ್ಟುಹೋಯಿತು. ಅಪ್ಪ ಏನಾದರೂ ವಿಚಿತ್ರವಾಗಿ ಆಡಿದರೆ ವಾದ ಮಾಡಬೇಡಿ, ನರ್ಸ್‌ಗೆ ಹೇಳಿ. ದಿನ, ತಾರೀಖು, ಊರು ನೆನಪಿಸುತ್ತಿರಿ. ಕಾಣುವ ಹಾಗೆ ಒಂದು ದೊಡ್ಡ ಗಡಿಯಾರ ಇದ್ದರೆ ಒಳ್ಳೆಯದು.

ಗಟ್ಟಿಯಾದ ಚಿಕ್ಕ ದಿಂಬು ಒಂದು ಬೇಕು, ಕೆಮ್ಮುವಾಗ ಎದೆಗೆ ಅವಚಿಕೊಳ್ಳಲು. ಹೊಸ ಶ್ವಾಸಕೋಶದ ನರ ಕತ್ತರಿಸಿರುತ್ತದೆ. ಒಳಗೆ ಕಫ ಕಟ್ಟಿದರೂ ಕೆಮ್ಮು ತಾನಾಗಿ ಬರುವುದಿಲ್ಲ. ಗಂಟೆ ನೋಡಿಕೊಂಡು ಬೇಕೆಂದೇ ಕೆಮ್ಮಬೇಕು. ಮತ್ತೆ, ಕೈ ಊರದೆ ಕುರ್ಚಿಯಿಂದ ಏಳುವುದನ್ನು ಅಪ್ಪ ಈಗಿನಿಂದಲೇ ಫಿಸಿಯೋ ಹೇಳಿದಷ್ಟು ಅಭ್ಯಾಸ ಮಾಡಲಿ. ಎದೆಗೆ ಅಡ್ಡವಾಗಿ ಗಾಯ ಇದ್ದಾಗ ಕೈ ಮೇಲೆ ಭಾರ ಹಾಕಲು ಬಿಡುವುದಿಲ್ಲ.

ರಾತ್ರಿ ಕುರ್ಚಿ

ಮೇಲಿನವರು ರೋಗಿಯ ಕಡೆಯಿಂದ ಹೇಳಿದರು. ನಾನು ಪಕ್ಕದ ಕುರ್ಚಿಯಲ್ಲಿ ಕೂತವಳು, ತಮ್ಮನಿಗಾಗಿ.

ಜಾಸ್ತಿ ಸಾಮಾನು ಬೇಕಾಗುವುದು ನಿಮಗೆ, ಅಪ್ಪನಿಗಲ್ಲ. ದಪ್ಪ ಶಾಲು, ಉದ್ದ ವೈರಿನ ಚಾರ್ಜರ್, ನಿಮ್ಮದೇ ಮಾತ್ರೆಗಳು, ಒಂದು ನೋಟ್‌ಬುಕ್. ಡಾಕ್ಟರ್ ಬೆಳಿಗ್ಗೆ ಎರಡು ನಿಮಿಷದಲ್ಲಿ ಹತ್ತು ವಿಷಯ ಹೇಳಿ ಹೋಗುತ್ತಾರೆ. ಬರೆದುಕೊಳ್ಳದಿದ್ದರೆ ಮಧ್ಯಾಹ್ನಕ್ಕೆ ಒಂದೂ ನೆನಪಿರುವುದಿಲ್ಲ. ನೆಂಟರಿಗೆ ಸುದ್ದಿ ತಿಳಿಸಲು ಬೇರೊಬ್ಬರನ್ನು ಗೊತ್ತುಮಾಡಿ. ಮೊದಲ ದಿನ 40 ಜನಕ್ಕೆ ಅದೇ ಕಥೆ ಹೇಳಿ ನನ್ನ ಗಂಟಲು ಕಟ್ಟಿತ್ತು. ನೆಗಡಿ ಇದ್ದವರು ಬರುವುದು ಬೇಡ, ಹೂವು ತರುವುದೂ ಬೇಡ ಅಂತ ಅವರ ಕೈಲೇ ಹೇಳಿಸಿ. ನೀವು ಕೆಟ್ಟವರಾಗುವುದು ತಪ್ಪುತ್ತದೆ.

ಪೈಪ್ ತೆಗೆದ ದಿನ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ತಮ್ಮ ಮೊದಲು ಕೇಳಿದ್ದು ನೀರು. ಕೊಡುವ ಹಾಗಿಲ್ಲ! ನುಂಗುವುದು ಸರಿಯಾಗಿದೆಯಾ ಅಂತ ಪರೀಕ್ಷೆ ಆಗುವವರೆಗೆ ಒಂದು ಗುಟುಕೂ ಇಲ್ಲ. ನೀರು ದಾರಿ ತಪ್ಪಿ ಹೊಸ ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಒದ್ದೆ ಸ್ಪಾಂಜಿನಲ್ಲಿ ತುಟಿ ಒರೆಸುತ್ತಿದ್ದೆ. ಅವನು ಆ ಸ್ಪಾಂಜನ್ನೇ ಹಲ್ಲಲ್ಲಿ ಕಚ್ಚಿ ಹಿಡಿದ. ಬಿಡಿಸಿಕೊಳ್ಳಲು ನರ್ಸ್ ಬರಬೇಕಾಯಿತು. ಈಗ ನಗು ಬರುತ್ತದೆ, ಆವತ್ತು ಹೊರಗೆ ಹೋಗಿ ಅತ್ತೆ.

ವಾರ್ಡಿಗೆ ಬಂದ ಮೇಲೆ ಮಾತ್ರೆಗಳ ಪಾಠ ಶುರು. ಟ್ಯಾಕ್ರೋಲಿಮಸ್ ದಿನಕ್ಕೆ ಎರಡು ಸಲ, 12 ಗಂಟೆ ಅಂತರ. ರಕ್ತ ಪರೀಕ್ಷೆ ಇರುವ ಬೆಳಿಗ್ಗೆ, ರಕ್ತ ತೆಗೆದ ಮೇಲೇ ಮಾತ್ರೆ. ಮೊದಲೇ ನುಂಗಿದರೆ ರಕ್ತದಲ್ಲಿ ಔಷಧಿಯ ಮಟ್ಟ ತಪ್ಪಾಗಿ ಕಾಣುತ್ತದೆ. ನಾನು ಒಂದು ಸಲ ಹಾಗೆ ಕೊಟ್ಟು ಬೈಸಿಕೊಂಡಿದ್ದೇನೆ. ಸ್ಟೀರಾಯ್ಡಿನಿಂದ ಶುಗರ್ ಏರುತ್ತದೆ, ಸಿಟ್ಟೂ ಏರುತ್ತದೆ. ಶುಗರ್‌ಗೆ ಇನ್ಸುಲಿನ್ ಇದೆ. ಸಿಟ್ಟಿಗೆ ನೀವೇ ಗತಿ.

ವಾರ್ಡ್ ಸಿಸ್ಟರ್

ಕಸಿ ವಾರ್ಡಿನಲ್ಲಿ ಕೆಲಸ ಮಾಡಿದವಳು. ಎರಡು ಮೂರು ಮಾತು ಸೇರಿಸುತ್ತೇನೆ.

ಉಂಗುರ ಈಗಲೇ ತೆಗೆಸಿಡಿ. ಬೆರಳು ಊದಿದ ಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಇಯರ್‌ಫೋನ್ ಮತ್ತು ಕಣ್ಣುಪಟ್ಟಿ ತನ್ನಿ, ಐಸಿಯು ಯಂತ್ರಗಳು ರಾತ್ರಿ ಸುಮ್ಮನಿರುವುದಿಲ್ಲ. ರೇಡಿಯೋ ಇರಲಿ, ತೆಗೆಯಬೇಡಿ. ಪರಿಚಯದ ದನಿ ಕೇಳಿದರೆ ಸಮಾಧಾನವಾಗುವ ರೋಗಿಗಳನ್ನು ನೋಡಿದ್ದೇನೆ.

ದಿನ ಲೆಕ್ಕ ಹಾಕಬೇಡಿ. ಎರಡು ಮೂರು ವಾರ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಕೆಲವರಿಗೆ ತಿಂಗಳುಗಳೂ ಹಿಡಿಯುತ್ತವೆ. ಮೊದಲ 72 ಗಂಟೆಯಲ್ಲಿ ಹೊಸ ಶ್ವಾಸಕೋಶ ನೀರು ತುಂಬಿಕೊಂಡು ಮುಷ್ಕರ ಹೂಡುವುದುಂಟು. ಆಗ ರಕ್ತಕ್ಕೆ ಮೈಯ ಹೊರಗೇ ಆಕ್ಸಿಜನ್ ಸೇರಿಸುವ ಎಕ್ಮೋ ಯಂತ್ರ ಹಾಕಿದರೂ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಅದು ಶ್ವಾಸಕೋಶಕ್ಕೆ ರಜೆ ಕೊಟ್ಟ ಹಾಗೆ. ಬ್ರಾಂಕೋಸ್ಕೋಪಿ, ಅಂದರೆ ಸಣ್ಣ ಕ್ಯಾಮೆರಾ ಪೈಪ್ ಇಳಿಸಿ ಶ್ವಾಸನಾಳದ ಒಳಗೆ ನೋಡುವುದು, ಹಲವು ಸಲ ಮಾಡುತ್ತಾರೆ, ಅದೂ ಗಾಬರಿಯ ವಿಷಯವಲ್ಲ.

ಎರಡನೇ ಇನ್ನಿಂಗ್ಸ್

ಸಿಸ್ಟರ್ ದಿನ ಲೆಕ್ಕ ಬೇಡ ಅಂದರು. ನಾನು ಹಾಕಿದ್ದೆ. ಮನುಷ್ಯನಿಗೆ ಮೊದಲ ಶ್ವಾಸಕೋಶ ಕಸಿ ಆದದ್ದು 1963ರಲ್ಲಿ, ಅಮೆರಿಕದ ಮಿಸಿಸಿಪಿಯಲ್ಲಿ. ಆ ರೋಗಿ ಬದುಕಿದ್ದು 18 ದಿನ. ಆಪರೇಷನ್‌ಗೆ ಮುಂಚೆ ಅದನ್ನು ಎಲ್ಲೋ ಓದಿ ತಲೆಯಲ್ಲಿ ಇಟ್ಟುಕೊಂಡುಬಿಟ್ಟಿದ್ದೆ. 19ನೇ ದಿನ ಬೆಳಿಗ್ಗೆ ಎದ್ದು, ಎದೆಯ ಟ್ಯೂಬಿನ ಡಬ್ಬ ಕೈಯಲ್ಲಿ ಹಿಡಿದು ಕಾರಿಡಾರ್ ಕೊನೆಯವರೆಗೆ ನಡೆದೆ. ಆಕ್ಸಿಜನ್ ಇರಲಿಲ್ಲ. ಬೆರಳಿನ ಮೀಟರ್ 97 ತೋರಿಸಿತು. ಕೆಟ್ಟಿದೆ ಅಂದುಕೊಂಡು ಇನ್ನೊಂದು ಬೆರಳಿಗೆ ಹಾಕಿಸಿಕೊಂಡೆ.

ಪಟ್ಟಿಯಲ್ಲಿದ್ದೇವೆ

ಎಲ್ಲರಿಗೂ ಥ್ಯಾಂಕ್ಸ್. ಸೂಟ್‌ಕೇಸ್ ಬಿಚ್ಚಿದೆ. ಉಂಗುರ ಸೋಪು ಹಚ್ಚಿ ತೆಗೆದೆವು, ಅರ್ಧ ಗಂಟೆ ಹಿಡಿಯಿತು. ಚಿಕ್ಕ ಬ್ಯಾಗ್ ಬಾಗಿಲ ಹಿಂದೆ ನೇತಾಡುತ್ತಿದೆ. ನನ್ನ ಶಾಲೂ ಅದರಲ್ಲೇ ಇದೆ.

ನಿನ್ನೆ ರಾತ್ರಿ ಹತ್ತು ಮಾತಿನ ರಟ್ಟು ಮಾಡಲು ಕೂತೆವು. ಅಪ್ಪ ಒಂಬತ್ತು ಹೇಳಿ ನಿಲ್ಲಿಸಿದರು. ಹತ್ತನೆಯದು ಯೋಚಿಸಿ ಹೇಳುತ್ತಾರಂತೆ. ಜೊತೆಗೆ ಒಂದು ಮಿಟುಕು ಅಂದರೆ ಹೌದು, ಎರಡು ಮಿಟುಕು ಅಂದರೆ ಬೇಡ ಅಂತ ಗೊತ್ತುಮಾಡಿಕೊಂಡೆವು. ಇನ್ನೊಂದು ಸಲ ಅಭ್ಯಾಸ ಮಾಡೋಣವಾ ಅಂತ ಕೇಳಿದೆ. ಎರಡು ಸಲ ಮಿಟುಕಿಸಿ ಆ ಕಡೆ ತಿರುಗಿ ಮಲಗಿದರು.