ಅಪ್‌ಡೇಟ್: ಬ್ರೂನೋ ಜೊತೆ ಬೆಟ್ಟ ಹತ್ತಿ ಬಂದೆವು

ಬೆಂಗಳೂರಿನಿಂದ ನಮ್ಮ ನಾಯಿ ಬ್ರೂನೋನನ್ನೂ ಕರ್ಕೊಂಡು ಬನ್ನೇರುಘಟ್ಟ ಕಾಡಿಗೆ ಹೋಗಬಹುದಾ ಅಂತ ಇಲ್ಲಿ ಕೇಳಿದ್ದೆ. ರಾಷ್ಟ್ರೀಯ ಉದ್ಯಾನದೊಳಗೆ ಸಾಕುನಾಯಿ ಬಿಡಲ್ಲ ಅಂದಿರಿ. ಡಿಸ್ಟೆಂಪರ್ ಅನ್ನೋ ವೈರಸ್ ರೋಗ ನಾಯಿಯಿಂದ ಚಿರತೆಗೂ ಹರಡುತ್ತೆ ಅಂತ ಒಬ್ಬರು ತಿಳಿಸಿದ ಮೇಲೆ ಮನೆಯಲ್ಲಿ ಯಾರೂ ಮರುಮಾತಾಡಲಿಲ್ಲ. ಆ ನಿಯಮ ಇರಲೇಬೇಕು.

ಭಾನುವಾರ ಮಾಗಡಿ ಹತ್ತಿರ ಚಿಕ್ಕಪ್ಪನ ತೋಟಕ್ಕೆ ಹೋದೆವು. ತೋಟದ ಹಿಂದಿರುವ ಬಂಡೆ ಬೆಟ್ಟವನ್ನು ಅತ್ತೆಯೂ ಹತ್ತಿದರು! ಬೆಳಿಗ್ಗೆ ಬೇಗ ಹತ್ತಿ ಇಳಿದುಬಿಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಒಂಬತ್ತೂವರೆಗೆಲ್ಲ ಬಂಡೆ ಮೇಲೆ ಕೈ ಇಟ್ಟರೆ ಚುರ್ ಅನ್ನುತ್ತಿತ್ತು, ಬ್ರೂನೋ ಪಾದ ಎತ್ತಿ ಎತ್ತಿ ಇಡುತ್ತಿದ್ದ. ಹುಲ್ಲಿರುವ ಕಡೆಯಿಂದಲೇ ಇಳಿಸಿದೆವು.

ಮನೆಗೆ ಬಂದು ಹುಡುಕಿದರೆ ಕಿವಿ ಹಿಂದೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳ. ಚಿಮಟದಲ್ಲಿ ಚರ್ಮಕ್ಕೆ ಹತ್ತಿರವಾಗಿ ಹಿಡಿದು, ತಿರುಚದೆ ನೇರಕ್ಕೆ ಎಳೆದು ತೆಗೆದೆ. ಜ್ವರ ಬರುತ್ತಾ, ಊಟ ಬಿಡ್ತಾನಾ ಅಂತ ಗಮನಿಸ್ತಾ ಇದ್ದೀನಿ. ಸದ್ಯಕ್ಕೆ ಮೊಸರನ್ನದ ತಟ್ಟೆ ಖಾಲಿ.